ಬಾರದ ಐದು ಕರೆಗಳು

ಜೂನ್ 3, 2011, ಶುಕ್ರವಾರ

ಮಧ್ಯಾಹ್ನ ಮೂರು ಗಂಟೆಗೆ ಹೊಸ ಸಿಮ್ಮಿಗೆ ಸಿಗ್ನಲ್ ಬಂತು. ಕಂಪನಿ ಬೇರೆ, ನಂಬರ್ ಅದೇ. ಈ ಸೌಲಭ್ಯ ಈ ವರ್ಷ ಬಂದದ್ದು ನನ್ನಂಥವರಿಗಾಗಿಯೇ ಇರಬೇಕು. ಹದಿನಾಲ್ಕು ವರ್ಷ ಲೈನ್‌ಮನ್ ಕೆಲಸ ಮಾಡಿದವನು ನಂಬರ್ ಬದಲಿಸುವುದು ಸುಲಭವಲ್ಲ. ತಳಕಲ್ ಸುತ್ತಲಿನ ಒಂದೊಂದು ಟ್ರಾನ್ಸ್‌ಫಾರ್ಮರ್ ಕಂಬದ ಮೇಲೂ 'ಲೈನ್‌ಮನ್ ಪಂಪಣ್ಣ' ಎಂದು ಬರೆದು ಕೆಳಗೆ ನನ್ನ ನಂಬರ್ ಬಳಿದಿದ್ದಾರೆ. ಆದರೆ ಹಳೆಯ ಕಂಪನಿಯ ಸಿಗ್ನಲ್ ನಮ್ಮ ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಫೋನು ಬಂದರೆ ಉಣ್ಣುವ ತಾಟು ಬಿಟ್ಟು ಮಾಳಿಗೆ ಹತ್ತಬೇಕಿತ್ತು.

ಟಿಪ್ಪುಸಾಬನ ಮೊಬೈಲ್ ಅಂಗಡಿಯಲ್ಲಿ ಅರ್ಜಿ ಕೊಟ್ಟು ಏಳು ದಿನ ಆಗಿತ್ತು. ಹೆಂಡತಿ ಲಲಿತಾ ಅಂಗಳದಲ್ಲಿ ನಿಂತು ತನ್ನ ಫೋನಿನಿಂದ ನನ್ನ ನಂಬರಿಗೆ ಹಚ್ಚಿ ನೋಡಿದಳು. ಅಡುಗೆಮನೆಯ ಮೂಲೆಯಲ್ಲೂ ಸ್ಪಷ್ಟವಾಗಿ ಕೇಳಿತು. ಹಳೆಯ ಸಿಮ್ಮನ್ನು ಕಾಗದದಲ್ಲಿ ಸುತ್ತಿ ಕನ್ನಡಕದ ಡಬ್ಬಿಯಲ್ಲಿ ಹಾಕಿದೆ.

ನಮ್ಮ ವಿದ್ಯುತ್ ಸ್ಟೇಷನ್ನಿನವರಿಗೆ ತಿಳಿಸಲಿಲ್ಲ. ನಂಬರೇ ಬದಲಾಗದಿರುವಾಗ ತಿಳಿಸುವುದೇನಿದೆ.

ಜೂನ್ 7, ಮಂಗಳವಾರ

ನಾಲ್ಕು ದಿನಗಳಿಂದ ಫೋನು ಸುಮ್ಮನಿದೆ. ಮೊದಲು ದಿನಕ್ಕೆ ಮೂವತ್ತು ಕರೆಗಳಿಗೆ ಕಡಿಮೆ ಇರುತ್ತಿರಲಿಲ್ಲ. ಈಗ ಹತ್ತು ಬಂದರೆ ಹೆಚ್ಚು. ಹೆಸರು ಬಿತ್ತುವ ಗಡಿಬಿಡಿಯಲ್ಲಿ ಜನಕ್ಕೆ ಕರೆಂಟಿನ ನೆನಪಿಲ್ಲವೇನೋ.

"ಹೊಸ ಸಿಮ್ ಭಾಳ ಛಲೋ ಐತಿ ಬಿಡ್ರಿ" ಎಂದಳು ಲಲಿತಾ. "ಉಣ್ಣಾಕ ಕುಂತ್ರ ಯಾರೂ ಎಬ್ಬಸವಲ್ರು."

ಜೂನ್ 10, ಶುಕ್ರವಾರ

ರಿಜಿಸ್ಟರಿಗೆ ಸಹಿ ಹಾಕಲು ಸ್ಟೇಷನ್ನಿಗೆ ಹೋಗಿದ್ದೆ. ಆ ಗುತ್ತಿಗೆ ಆಪರೇಟರ್ ಹುಡುಗ, ಯಂಕೇಶ, ಪಾಳಿಯಲ್ಲಿದ್ದ. ಭಾಗ್ಯನಗರದಿಂದ ಬರುತ್ತಾನೆ. ಸೇರಿ ಎರಡು ವರ್ಷ ಆಗಿಲ್ಲ, ನನಗೆ ಬುದ್ಧಿ ಹೇಳಲು ಬಂದ.

"ಅಣ್ಣಾರ, ಮೂರು ದಿನ ಆತು, ನಿಮ್ಮ ಫೋನ್ ಹತ್ತವಲ್ದು. ಈ ಟೇಬಲ್ ಫೋನಿಂದ ಹಚ್ಚಿದ್ರ ಸ್ವಿಚ್ ಆಫ್ ಅಂತೈತಿ. ಒಂದ್ಸಲ ತೋರಿಸ್ರಿ."

ಜೇಬಿನಿಂದ ಫೋನು ತೆಗೆದು ಅವನ ಮುಂದೆ ಹಿಡಿದೆ. ಸಿಗ್ನಲ್ಲಿನ ಗೆರೆಗಳು ಪೂರ್ತಿ ಇದ್ದವು. "ಇದು ಬಂದ್ ಇದ್ದಾಂಗ ಕಾಣ್ತೈತೇನು? ನಂಬರ್ ನೋಡಿ ಒತ್ತೋದು ಕಲಿ" ಎಂದೆ.

"ಈಗ ಹಚ್ಚಿ ತೋರಸ್ತೀನ್ರಿ" ಎಂದು ಟೇಬಲ್ ಫೋನಿನತ್ತ ಕೈ ಚಾಚಿದ. ನನಗೆ ಹೊತ್ತಾಗಿತ್ತು. ಬೈಕು ಹತ್ತಿ ಬಂದೆ.

ಜೂನ್ 14, ಮಂಗಳವಾರ

ನಡೆದದ್ದನ್ನು ಬರೆದಿಡುತ್ತೇನೆ.

ಬೆಳಿಗ್ಗೆ ಆರೂ ನಲವತ್ತಕ್ಕೆ ಸೆಕ್ಷನ್ ಆಫೀಸರ್ ಶರಣಕುಮಾರ ಸಾಹೇಬರ ಫೋನು. "ಎಲ್ಲಿದ್ದಿ ಪಂಪಣ್ಣ? ನಿನ್ನ ಏರಿಯಾದಾಗ ತಂತಿ ಕಡದು ಒಬ್ಬಾಕಿ ಹೆಣ್ಣಮಗಳಿಗೆ ಹೊಡದೈತಿ." ಚಪ್ಪಲಿ ಹಾಕಿಕೊಳ್ಳದೆ ಓಡಿದೆ.

ನಿನ್ನೆಯ ಗಾಳಿಗೆ ಬೇವಿನ ಟೊಂಗೆ ಮುರಿದು ಹನ್ನೊಂದು ಸಾವಿರ ವೋಲ್ಟಿನ ಲೈನಿನ ಮೇಲೆ ಒರಗಿತ್ತು. ನಸುಕಿನಲ್ಲಿ ಅಲ್ಲಿ ಕಿಡಿ ಹಾರುವುದನ್ನು ಹೊಲದವರೊಬ್ಬರು ಕಂಡು ಸ್ಟೇಷನ್ನಿಗೆ ಹೇಳಿದ್ದರಂತೆ. ಆರರ ಸುಮಾರಿಗೆ ತಂತಿ ಕಡಿದು ಮುಳ್ಳಿನ ಬೇಲಿಯ ಮೇಲೆ ಬಿದ್ದಿದೆ. ಬಿತ್ತಲು ಕೂಲಿಗೆ ಹೊರಟವಳು ದಾರಿ ಬಿಡಿಸಿಕೊಳ್ಳಲು ಬೇಲಿಗೆ ಕೈ ಹಾಕಿದ್ದಾಳೆ. ನಾನು ಹೋಗುವಷ್ಟರಲ್ಲಿ ಆಕೆಯನ್ನು ಕೊಪ್ಪಳದ ದವಾಖಾನೆಗೆ ಒಯ್ದಿದ್ದರು. ಬೇಲಿಯ ಹತ್ತಿರ ಬೀಜದ ಬುಟ್ಟಿ ಬೋರಲು ಬಿದ್ದಿತ್ತು.

ಜನ ನನ್ನನ್ನು ಸುತ್ತುಗಟ್ಟಿದರು. "ಹೇಳಿ ಎರಡು ತಾಸಾತು, ಎಲ್ಲಿದ್ದಿ?" ಎಂದು ಕೇಳಿದರು. ನನಗೆ ಯಾರೂ ಹೇಳಿಲ್ಲ ಎಂದೆ. ಅದು ಸತ್ಯ. ಫೋನು ದಿಂಬಿನ ಪಕ್ಕದಲ್ಲೇ ಇತ್ತು. ಸ್ಟೇಷನ್ನಿನಿಂದ ಒಂದೂ ಕರೆ ಇಲ್ಲ.

ಜೂನ್ 15, ಬುಧವಾರ

ಯಲಬುರ್ಗಾದ ಆಫೀಸಿನಲ್ಲಿ ಶರಣಕುಮಾರ ಸಾಹೇಬರ ಮುಂದೆ ವಿಚಾರಣೆ ನಡೆಯಿತು. ಯಂಕೇಶನನ್ನೂ ನನ್ನನ್ನೂ ಎದುರುಬದುರು ನಿಲ್ಲಿಸಿದರು.

ಅವನು ಲಾಗ್ ಪುಸ್ತಕ ತಂದಿದ್ದ. 'ಲೈನ್‌ಮನ್ ಪಂಪಣ್ಣನಿಗೆ 5.04, 5.11, 5.20, 5.38, 5.52ಕ್ಕೆ ಫೋನ್ ಮಾಡಿದೆ. ಸ್ವಿಚ್ ಆಫ್' ಎಂದು ಬರೆದಿತ್ತು. ಟೊಂಗೆ ಒರಗಿದೆ ಎಂಬ ಸುದ್ದಿಗೇ ಇಡೀ ಲೈನು ಬಂದ್ ಮಾಡುವುದು ನಮ್ಮಲ್ಲಿ ರೂಢಿಯಿಲ್ಲ. ಲೈನ್‌ಮನ್ ನೋಡಿ ಹೇಳಬೇಕು. ಹಾಗಾಗಿ ಎಲ್ಲವೂ ಆ ಐದು ಕರೆಗಳ ಮೇಲೆ ನಿಂತಿತು.

ಸ್ಟೇಷನ್ನಿನ ಟೇಬಲ್ ಫೋನಿನಲ್ಲಿ ಕೊನೆಯ ಹತ್ತು ನಂಬರ್ ಮಾತ್ರ ಉಳಿಯುತ್ತವೆ. ನಿನ್ನೆಯ ಗದ್ದಲದಲ್ಲಿ ಎಲ್ಲ ಅಳಿಸಿಹೋಗಿತ್ತು. ನನ್ನ ಫೋನಿನಲ್ಲಿ ಮಾತ್ರ ಒಂದು ಸಾಕ್ಷಿ ಇತ್ತು. 5.31ಕ್ಕೆ ಹನುಮಸಾಗರದಿಂದ ಲಲಿತಾಳ ತಂಗಿ ಮಾತಾಡಿದ್ದಳು, ಮೊದಲ ಬಸ್ಸಿಗೆ ಬರುತ್ತೇನೆಂದು. ಅದನ್ನು ಸಾಹೇಬರಿಗೆ ತೋರಿಸಿದೆ.

"ಐದೂ ಮೂವತ್ತೊಂದಕ್ಕ ಹತ್ತಿದ ಫೋನು ಐದೂ ಮೂವತ್ತೆಂಟಕ್ಕ ಹೆಂಗ ಬಂದ್ ಇರ್ತೈತೋ?" ಎಂದರು ಸಾಹೇಬರು.

"ನನಗ ಗೊತ್ತಿಲ್ರಿ ಸಾಹೇಬ್ರ. ಮಾಡಿದ್ದಂತೂ ಖರೇ. ಶುಕ್ರವಾರ ಅಣ್ಣಾರಿಗೆ ಹೇಳಿದ್ದೆ, ಫೋನ್ ಹತ್ತವಲ್ದು ಅಂತ."

ಸಾಹೇಬರು ನನ್ನತ್ತ ನೋಡಿದರು. ನೆನಪಿಲ್ಲ ಎಂದೆ. ದಿನಕ್ಕೆ ಹತ್ತು ಜನ ಹತ್ತು ಮಾತು ಹೇಳುತ್ತಾರೆ, ಎಲ್ಲವನ್ನೂ ಯಾರು ನೆನಪಿಡುತ್ತಾರೆ. ನನ್ನ ಹೇಳಿಕೆಗೆ ಸಹಿ ಹಾಕಿದೆ. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ನಿದ್ದೆ ಹೋಗಿ ಆಮೇಲೆ ಲಾಗ್ ಬರೆದಿರಬೇಕು. ಗುತ್ತಿಗೆಯವರ ಹಣೆಬರಹವೇ ಅಷ್ಟು.

ಜೂನ್ 17, ಶುಕ್ರವಾರ

ರಿಪೇರಿಗೆ ಕೊಟ್ಟ ಚಾರ್ಜರ್ ತರಲು ಟಿಪ್ಪುಸಾಬನ ಅಂಗಡಿಗೆ ಹೋದೆ.

"ಏನ್ರಿ ಪಂಪಣ್ಣಾರ, ಫೋನ್ ಯಾಕ ಬಂದ್ ಇಟ್ಟೀರಿ?" ಎಂದ. "ಚಾರ್ಜರ್ ರೆಡಿ ಐತಿ ಅಂತ ನಾಕು ಸಲ ಹಚ್ಚೀನಿ."

ಯಾವ ಫೋನಿನಿಂದ ಎಂದು ಕೇಳಿದೆ. ಅವನದು ನನ್ನ ಹಳೆಯ ಕಂಪನಿಯದೇ.

ಅಲ್ಲೇ ಹಚ್ಚಿಸಿದೆ. ನನ್ನ ಫೋನು ಗಾಜಿನ ಪೆಟ್ಟಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವನ ಫೋನಿನಲ್ಲಿ ಹೆಣ್ಣುದನಿ ಸ್ವಿಚ್ ಆಫ್ ಎಂದು ಹೇಳಿತು. ಟಿಪ್ಪುಸಾಬ ಮೂರು ಕಂಪನಿಗಳ ಫೋನು ಸಾಲಾಗಿ ಇಟ್ಟು ಒಂದೊಂದರಿಂದ ಹಚ್ಚಿದ. ಎರಡರಿಂದ ರಿಂಗಾಯಿತು. ಹಳೆಯ ಕಂಪನಿಯದರಿಂದ ಮಾತ್ರ ಇಲ್ಲ. ನನ್ನ ಫೋನು ಬಂದ್ ಮಾಡಿ ಶುರು ಮಾಡಿದ. ಕರೆ ಬೇರೆ ಕಡೆ ತಿರುಗಿಸಿದೆಯೇ ಎಂದು ನೋಡಿದ. ಹೊಸ ಸಿಮ್ಮನ್ನು ಬೇರೆ ಹ್ಯಾಂಡ್‌ಸೆಟ್ಟಿಗೆ ಹಾಕಿದ. ಏನು ಮಾಡಿದರೂ ಅದೇ.

"ಹಳೇ ಸಿಮ್ ಐತೇನ್ರಿ?"

ಕನ್ನಡಕದ ಡಬ್ಬಿ ಜೇಬಿನಲ್ಲೇ ಇತ್ತು. ಹಳೆಯ ಸಿಮ್ಮನ್ನು ನನ್ನ ಫೋನಿಗೆ ಹಾಕಿದ. ಸತ್ತಿರಬೇಕಾದ ಸಿಮ್ಮಿಗೆ ಸಿಗ್ನಲ್ ಬಂತು. ಅವನ ಫೋನಿನಿಂದ ಹಚ್ಚಿದರೆ ಅದು ರಿಂಗಾಯಿತು.

"ನೋಡ್ರಿ, ಹೊಸಾ ಕಂಪನಿ ನಿಮ್ಮನ್ನ ತಗೊಂಡೈತಿ, ಹಳೇದು ಬಿಟ್ಟಿಲ್ಲ. ಹಳೇ ಕಂಪನಿಯವ್ರು ಯಾರ ಹಚ್ಚಿದ್ರೂ ಈ ಸಿಮ್ಮಿಗೇ ಹೊಕ್ಕೈತಿ. ಇದು ಡಬ್ಬಿಯಾಗ ಇದ್ರ ಸ್ವಿಚ್ ಆಫ್ ಅಂತೈತಿ."

ಅಷ್ಟರಲ್ಲಿ ಮೆಸೇಜುಗಳು ಬರತೊಡಗಿದವು. ಫೋನು ಬಂದ್ ಇದ್ದಾಗ ಯಾರು ಯಾರು ಕರೆ ಮಾಡಿದ್ದರು ಎಂದು ತಿಳಿಸುವ ಮೆಸೇಜುಗಳು. ನಡುವೆ ಸ್ಟೇಷನ್ನಿನ ಟೇಬಲ್ ಫೋನಿನ ನಂಬರ್ ಇತ್ತು, ಅದೂ ಹಳೆಯ ಕಂಪನಿಯದೇ. ತಾರೀಖು ಹದಿನಾಲ್ಕು. 5.04. 5.11. 5.20. 5.38. 5.52.

ಟಿಪ್ಪುಸಾಬ ಬೇರೆ ಗಿರಾಕಿಯ ಕಡೆ ತಿರುಗಿದ್ದ. ಫೋನೂ ಎರಡೂ ಸಿಮ್ಮೂ ತೆಗೆದುಕೊಂಡು ಬಂದುಬಿಟ್ಟೆ. ಚಾರ್ಜರ್ ಅಲ್ಲೇ ಉಳಿಯಿತು.

ಜೂನ್ 18, ಶನಿವಾರ

ಯಂಕೇಶನನ್ನು ಕೆಲಸದಿಂದ ತೆಗೆದರು.

ಜೂನ್ 19, ಭಾನುವಾರ

ಎಲ್ಲಿಯೂ ಹೋಗಲಿಲ್ಲ.

ಜೂನ್ 20, ಸೋಮವಾರ

ಕೊಪ್ಪಳಕ್ಕೆ ಹೋಗಿ ಹೊಸ ಕಂಪನಿಯ ಕೌಂಟರಿನಲ್ಲಿ ಸಾಲು ನಿಂತೆ. ರೂಪಾ ಎಂಬ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ನೋಡಿ, ನಂಬರ್ ಬಿಟ್ಟುಕೊಡುವ ಕೆಲಸ ಹಳೆಯ ಕಂಪನಿಯಲ್ಲಿ ಅರ್ಧಕ್ಕೆ ನಿಂತಿದೆ ಎಂದಳು. ದೂರು ಬರೆದುಕೊಂಡು ನಂಬರ್ ಹಾಕಿದ ಚೀಟಿ ಕೊಟ್ಟಳು. ನಾಳೆ ಸಂಜೆಯೊಳಗೆ ಸರಿಯಾಗುತ್ತದಂತೆ. ಸರಿಯಾದ ಮೇಲೆ ಹಳೆಯ ಸಿಮ್ ಸಾಯುತ್ತದೆ.

"ಹದಿನೇಳು ದಿನ ಆಗೈತಲ್ರಿ ಸರ್. ಫೋನ್ ಹತ್ತವಲ್ದು ಅಂತ ಯಾರೂ ಹೇಳ್ಲಿಲ್ಲೇನ್ರಿ?"

"ಒಬ್ಬಾಂವ ಹೇಳಿದ್ದ" ಎಂದೆ. ಬಾಯಿಂದ ತಾನಾಗಿ ಬಂತು.

ಅಲ್ಲಿಂದ ದವಾಖಾನೆಗೆ ಹೋದೆ. ಯಾಕೆ ಹೋದೆನೋ. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ. ಹೆಸರು ಹುಲಿಗವ್ವ. ಬಲಗೈಯನ್ನು ಮಣಿಕಟ್ಟಿಗಿಂತ ಮೇಲೆ ಕತ್ತರಿಸಿ ತೆಗೆದಿದ್ದಾರೆ. ನಿದ್ದೆಯಲ್ಲಿದ್ದಳು. ಗಂಡ ಸಣ್ಣಪ್ಪ ಬಾಗಿಲ ಹೊರಗೆ ಕೂತಿದ್ದವನು ನನ್ನನ್ನು ಗುರುತಿಸಿ ಎದ್ದು ನಿಂತ. ಬೈದಿದ್ದರೆ ಕೇಳಿಕೊಳ್ಳುತ್ತಿದ್ದೆ. ಬೈಯಲಿಲ್ಲ.

"ಆ ಆಪರೇಟರ್ ಹುಡುಗ ಫೋನ್ ಮಾಡಲೇ ಇಲ್ಲಂತಲ್ರಿ" ಎಂದ. "ಮಾಡಿದ್ರ ನೀವು ಬರ್ತಿದ್ರಿ. ನೀವು ಬರೋ ಪೈಕಿನಾ. ನಮ್ಮ ಓಣ್ಯಾಗ ಎಲ್ಲಾರೂ ಅದನ್ನ ಅಂತಾರ."

ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದೆ. ಬೈಕು ದವಾಖಾನೆಯ ಮುಂದೆಯೇ ಇತ್ತು. ಮತ್ತೆ ಹೋಗಿ ತಂದೆ.

ಜೂನ್ 21, ಮಂಗಳವಾರ

ಫೋನು ಸರಿಯಾಗುವವರೆಗೆ ಮನೆಯಲ್ಲಿ ಕೂಡುವುದು ಬೇಡವೆಂದು ಬೆಳಿಗ್ಗೆ ಐದರಿಂದ ಸ್ಟೇಷನ್ನಿನಲ್ಲೇ ಕೂತೆ. ಕರೆ ಬಂದರೆ ನೇರವಾಗಿ ನನ್ನ ಕಿವಿಗೆ ಬೀಳಲಿ. ಯಂಕೇಶನ ಜಾಗಕ್ಕೆ ಬಂದ ಆಪರೇಟರಿಗೆ ಇದು ವಿಚಿತ್ರವೆನಿಸಿತು. ಅರ್ಧ ತಾಸಿಗೊಮ್ಮೆ ಟೇಬಲ್ ಫೋನಿನಿಂದ ನನ್ನ ನಂಬರಿಗೆ ಹಚ್ಚುತ್ತಿದ್ದೆ. ಸ್ವಿಚ್ ಆಫ್. ಸ್ವಿಚ್ ಆಫ್. ಆ ಹೆಣ್ಣುದನಿಯನ್ನು ಯಂಕೇಶ ಎಷ್ಟು ಸಲ ಕೇಳಿರಬೇಕು.

ನಾಲ್ಕೂ ಹತ್ತಕ್ಕೆ ನನ್ನ ಜೇಬಿನಲ್ಲಿ ಫೋನು ರಿಂಗಾಯಿತು. ಎದುರಿಗೆ ಕೂತ ನನಗೆ ನಾನೇ ಹಚ್ಚಿದ ಕರೆ.

ಹಳೆಯ ಸಿಮ್ ಹಾಕಿ ನೋಡಿದೆ. ಸಿಗ್ನಲ್ ಇಲ್ಲ. ಮೆಸೇಜುಗಳು ಹ್ಯಾಂಡ್‌ಸೆಟ್ಟಿನಲ್ಲಿ ಇವೆ. ಅಳಿಸಲು ಎರಡು ಗುಂಡಿ ಸಾಕು. ಟಿಪ್ಪುಸಾಬ ಮೆಸೇಜುಗಳ ಟೈಮು ನೋಡಿಲ್ಲ. ಇನ್ನು ಈ ಲೋಕದಲ್ಲಿ ಯಾರ ಫೋನಿನಿಂದ ಹಚ್ಚಿ ನೋಡಿದರೂ ನನ್ನ ಫೋನು ಸರಿಯಾಗಿದೆ, ಯಂಕೇಶ ಸುಳ್ಳುಗಾರ.

ಮೊದಲ ಮೆಸೇಜಿನ ಮೇಲೆ 'ಅಳಿಸಲೇ?' ಎಂದು ಫೋನು ಕೇಳುವವರೆಗೆ ಹೋದೆ. ಇದನ್ನು ಬರೆಯಬಾರದೆಂದಿದ್ದೆ. ಬರೆದಿದ್ದೇನೆ.

ಜೂನ್ 22, ಬುಧವಾರ

ಲಲಿತಾಳಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಒಲೆ ಆರಿಸಿ ಬಂದು ಕೂತು ಕೇಳಿದಳು. ಶುಕ್ರವಾರ ಯಂಕೇಶ ಹೇಳಿದ್ದು, ನಾನು ನೆನಪಿಲ್ಲ ಎಂದದ್ದು, ಅದನ್ನೂ ಹೇಳಿದೆ.

"ನೆನಪಿತ್ತೇನ್ರಿ?"

"ಇತ್ತು."

ಕೈಗೆ ಅಂಟಿದ ಹಿಟ್ಟು ಉಜ್ಜಿಕೊಂಡಳು. "ನೌಕರಿ ಹೋದ್ರ?"

"ಗೊತ್ತಿಲ್ಲ."

"ನನ್ನ ಕೇಳಿ ಮಾಡಬ್ಯಾಡ್ರಿ. ಬ್ಯಾಡ ಅಂದ್ರ ನಾಳೆ ನನ್ನ ಮ್ಯಾಲ ಹಾಕ್ತೀರಿ. ಮಾಡು ಅಂದ್ರೂ ಹಾಕ್ತೀರಿ. ನಾನಂತೂ ಆ ತಂತಿ ಕಡದ ದಿನದಿಂದ ನಿಮ್ಮ ಮುಖ ನೋಡಾಕತ್ತೀನಿ. ಹಿಂಗ ಎಷ್ಟ ದಿನ ನೋಡ್ಲಿ?"

ಎದ್ದು ಹೋಗಿ ಒಲೆ ಹೊತ್ತಿಸಿದಳು.

ಜೂನ್ 23, ಗುರುವಾರ

ಶರಣಕುಮಾರ ಸಾಹೇಬರ ಮುಂದೆ ಫೋನು ಇಟ್ಟೆ. ಐದೂ ಮೆಸೇಜು ಓದಿದರು. ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು. ರೂಪಾ ಕೊಟ್ಟ ಚೀಟಿಯನ್ನೂ ಇಟ್ಟೆ. ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಪಂಪಣ್ಣ, ಫೈಲು ಮ್ಯಾಲ ಹೋಗೈತಿ. ಈಗ ಇದನ್ನ ತಂದ್ರ ನಿನ್ನ ಕೊಳ್ಳಿಗೆ ಬರ್ತೈತಿ. ಅವಾ ಗುತ್ತಿಗಿ ಮನಷ್ಯಾ, ವಯಸ್ಸು ಸಣ್ಣದೈತಿ, ಗಂಗಾವತಿ ಕಡಿ ಎಲ್ಲ್ಯರ ಸೇರ್ಕೋತಾನ. ನಾನರ ಹೇಳಿ ಹಚ್ಚತೀನಿ ಬೇಕಾದ್ರ. ಮತ್ತ ಇದು ಕಂಪನಿಯವ್ರ ತಪ್ಪು, ನಿಂದೇನೈತಿ?"

ಆ ಕೊನೆಯ ಮಾತು ಹಿಡಿದುಕೊಂಡು ಎದ್ದು ಬರಬಹುದಿತ್ತು. ಆರು ದಿನಗಳಿಂದ ನಾನೂ ಅದನ್ನೇ ಹೇಳಿಕೊಳ್ಳುತ್ತಿದ್ದೆ.

"ಫೋನ್ ಕೆಟ್ಟಿದ್ದು ಕಂಪನಿ ತಪ್ಪು ಇರಬಹುದ್ರಿ" ಎಂದೆ. "ಅವ ನನ್ನ ಮುಂದ ಹಚ್ಚಿ ತೋರಸ್ತೀನಿ ಅಂದ. ನಾ ನಿಲ್ಲಲಿಲ್ಲ. ಆಮ್ಯಾಲ ನಿಮ್ಮ ಮುಂದ ನೆನಪಿಲ್ಲ ಅಂದೆ. ಅದು ಕಂಪನಿ ಅಂದದ್ದಲ್ರಿ."

ಸಾಹೇಬರು ಕಿಟಕಿಯ ಕಡೆ ನೋಡುತ್ತ ಕೂತರು. ಹೊರಗೆ ಯಾರೋ ಮೀಟರಿನ ಅರ್ಜಿ ಹಿಡಿದು ಬಾಗಿಲು ಬಡಿದರು. ಆಮೇಲೆ ಒಂದು ಬಿಳಿ ಹಾಳೆ ನನ್ನ ಮುಂದೆ ತಳ್ಳಿ, "ಬರಿ. ತಾರೀಖು ಹಾಕು" ಎಂದರು.

ಒಂದೂವರೆ ಪುಟ ಆಯಿತು. 'ನೆನಪಿದ್ದೂ ಇಲ್ಲವೆಂದು ಹೇಳಿದೆ' ಎಂಬ ಸಾಲು ಬರೆಯುವಾಗ ಪೆನ್ನು ನಿಂತಿತು. ಸಾಹೇಬರು ತಮ್ಮ ಪೆನ್ನು ಕೊಟ್ಟರು. ನನ್ನ ಪೆನ್ನಿನಲ್ಲಿ ಶಾಯಿ ಇತ್ತು.

ಜೂನ್ 26, ಭಾನುವಾರ

ಭಾಗ್ಯನಗರಕ್ಕೆ ಹೋದೆ. ಯಂಕೇಶನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನ ತಾಯಿ ದುರುಗವ್ವ ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದ ಮೇಲೆ ಒಳಗೆ ಬಾ ಎನ್ನಲಿಲ್ಲ. ಯಂಕೇಶ ಹೊರಗೆ ಬಂದ. ಎಂಟು ದಿನಕ್ಕೇ ಬಡವಾಗಿದ್ದ.

ನಿಂತೇ ಹೇಳಿದೆ. ಫೋನು ಕೊಟ್ಟೆ. ಒಂದೊಂದೇ ಮೆಸೇಜು ಒತ್ತಿ ಓದಿದ. ಐದನೆಯದಕ್ಕೆ ಬಂದಾಗ ಮುಖ ಆ ಕಡೆ ತಿರುಗಿಸಿದ.

"ನನಗ ನನ್ನ ಮ್ಯಾಲೇ ಡೌಟ್ ಬಂದಿತ್ರಿ" ಎಂದ. "ಬ್ಯಾರೆ ನಂಬರಿಗೆ ಹಚ್ಚಿದ್ನೇನೋ, ನಿದ್ದಿಗಣ್ಣಾಗ ಹಂಗ ಅನಿಸ್ತೇನೋ ಅಂತ. ಅವ್ವನ ಮುಂದನೂ ಗಟ್ಟಿಯಾಗಿ ಹೇಳಾಕ ಬರ್ಲಿಲ್ಲ, ನಾ ಹಚ್ಚಿದ್ದೆ ಅಂತ."

ಸಾಹೇಬರಿಗೆ ಬರೆದುಕೊಟ್ಟಿದ್ದೇನೆ ಎಂದೆ. ತಪ್ಪಾಯಿತು ಎಂದೆ.

ದುರುಗವ್ವ ಕಟ್ಟೆಯಿಂದಲೇ ಕೇಳಿದರು. "ಈಗ ಬಂದೀಯಲ್ಲಪಾ. ಆವತ್ತು ಎಲ್ಲಾರ ಮುಂದ ಇವನ ನಿಂದ್ರಿಸಿದಾಗ ಎಲ್ಲಿದ್ದಿ?"

"ಅಲ್ಲೇ ಇದ್ದೆ ಅವ್ವ."

ಯಂಕೇಶ ಫೋನು ವಾಪಸು ಕೊಟ್ಟ. ಅಣ್ಣಾರ ಎಂದು ಕರೆಯಲಿಲ್ಲ. ಬೈಕಿನವರೆಗೆ ಬರಲೂ ಇಲ್ಲ. ಸರಿಯೇ.

ಜೂನ್ 30, ಗುರುವಾರ

ನನಗೆ ಒಂದು ತಿಂಗಳು ಅಮಾನತು. ಯಂಕೇಶ ಸೋಮವಾರದಿಂದ ಮತ್ತೆ ಕೆಲಸಕ್ಕೆ.

ಜುಲೈ 12, ಮಂಗಳವಾರ

ಹುಲಿಗವ್ವಳನ್ನು ಮನೆಗೆ ಕಳಿಸಿದ್ದಾರೆ. ಅವರ ಓಣಿಗೆ ಹೋಗಿ ಸಣ್ಣಪ್ಪನಿಗೆ ನಡೆದದ್ದನ್ನು ಹೇಳಿದೆ. ಅರ್ಧದಲ್ಲೇ ಎದ್ದು ಬೆನ್ನು ತಿರುಗಿಸಿ ನಿಂತ. "ಹೋಗ್ರಿ ನೀವು" ಎಂದ. ಬಂದೆ.

ಜುಲೈ 20, ಬುಧವಾರ

ಕೆಲಸವಿಲ್ಲದ ದಿನಗಳು ಉದ್ದವಾಗಿವೆ. ಅಮಾನತಿನಲ್ಲಿ ಕಂಬ ಹತ್ತುವಂತಿಲ್ಲ, ನಡೆಯಲು ಯಾರ ಅಪ್ಪಣೆ ಬೇಕು. ಲೈನಿನ ಕೆಳಗೆ ನಡೆದು, ಎಲ್ಲೆಲ್ಲಿ ಟೊಂಗೆಗಳು ತಂತಿಗೆ ತಾಗುತ್ತಿವೆ ನೋಡಿ ಬರೆದುಕೊಂಡೆ. ಮೂವತ್ತೊಂದು ಕಡೆ. ಚೀಟಿಯನ್ನು ಸ್ಟೇಷನ್ನಿನಲ್ಲಿ ಯಂಕೇಶನ ಮೇಜಿನ ಮೇಲೆ ಇಟ್ಟೆ. ಓದಿ, "ಮೂವತ್ತೆಲ್ಡ್ರಿ. ಹಳ್ಳದ ದಂಡಿ ಜಾಲಿ ಬಿಟ್ಟೀರಿ" ಎಂದ. ಬರೆದುಕೊಂಡೆ.

ಆಗಸ್ಟ್ 2, ಮಂಗಳವಾರ

ನಿನ್ನೆ ಕೆಲಸಕ್ಕೆ ಸೇರಿದೆ. ಇಂದು ಹುಲಿಗವ್ವಳ ಓಣಿಯಲ್ಲಿ ಒಂದು ಕಂಬದ ಕೆಲಸವಿತ್ತು. ಮುಗಿಸಿ ಇಳಿದಾಗ ಆಕೆ ಬಾಗಿಲಲ್ಲಿ ನಿಂತಿದ್ದಳು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಇಷ್ಟು ದಿನಗಳಲ್ಲಿ ಆಕೆಯೊಂದಿಗೆ ಮಾತಾಡಿದ್ದೇ ಇಲ್ಲ. ಹಗ್ಗ ಸುತ್ತುತ್ತ ನಿಂತೆ.

"ನೀವು ಹೇಳಿದ್ದು ನಮ್ಮ ಮನಿಯವ್ರು ನನಗ ಹೇಳ್ಯಾರ" ಎಂದಳು. "ಸಿಟ್ಟು ಐತಿ. ಹೋಗಂಗಿಲ್ಲ ಅದು."

ತಲೆಯಾಡಿಸಿದೆ.

ಒಳಗೆ ಹೋಗಿ ಫೋನು ತಂದಳು. ಸಣ್ಣದು, ಗುಂಡಿಗಳ ಅಂಕಿ ಸವೆದಿದ್ದವು. "ನಿಮ್ಮ ನಂಬರ್ ಹೇಳ್ರಿ" ಎಂದಳು. ಹಾಕಿಕೊಡಲು ಕೈ ಚಾಚಿದೆ. ಕೊಡಲಿಲ್ಲ.

ಫೋನನ್ನು ಕಟ್ಟೆಯ ಮೇಲೆ ಇಟ್ಟು, ಎಡಗೈಯ ಹೆಬ್ಬೆರಳಿನಿಂದ ಒಂದೊಂದೇ ಅಂಕಿ ಒತ್ತಿದಳು. ಎರಡು ಸಲ ತಪ್ಪಿತು. ಎರಡು ಸಲವೂ ಮೊದಲಿನಿಂದ ಶುರು ಮಾಡಿದಳು. ನಾನು ಮತ್ತೆ ಮತ್ತೆ ಹೇಳಿದೆ.

ನನ್ನ ಜೇಬಿನಲ್ಲಿ ರಿಂಗಾಯಿತು. ತೆಗೆಯಲು ಹೋದೆ.

"ಎತ್ತಬ್ಯಾಡ್ರಿ" ಎಂದಳು. ಇನ್ನೂ ಒಂದೆರಡು ಸಲ ರಿಂಗಾಗಲು ಬಿಟ್ಟು ಕೇಳಿಸಿಕೊಂಡಳು. ಆಮೇಲೆ ಕಟ್ ಮಾಡಿ, "ಹತ್ತತೈತಿ" ಎಂದು ಒಳಗೆ ಹೋದಳು.